ಬಿಟ್ಟುಕೊಡಬಹುದಾದ ಮನುಷ್ಯ

ನಮ್ಮಣ್ಣ ಪುರಸಭೆಯ ನೀರಿನ ವಿಭಾಗಕ್ಕೆ ಸೇರಿದ್ದು ರವಾನೆ ಗುಮಾಸ್ತನಾಗಿ, ನಿವೃತ್ತನಾದದ್ದೂ ರವಾನೆ ಗುಮಾಸ್ತನಾಗಿಯೇ. ಪತ್ರಗಳನ್ನು ಲಕೋಟೆಗೆ ಹಾಕಿ, ಅಂಟಿಸಿ, ಮುದ್ರೆ ಒತ್ತಿ ಕಳಿಸುವುದು ಅವನ ಕೆಲಸ. ಆಗ ಯಾವುದೋ ಶ್ರೀಮಂತ ದೇಶ ನಮ್ಮ ಸರ್ಕಾರಿ ನೌಕರರ ತರಬೇತಿಗೆಂದು ಹಣ ಕೊಡುತ್ತಿತ್ತು. ಹೆಸರು ಕಳಿಸಿ ಎಂದು ಮೇಲಿನಿಂದ ಆದೇಶ ಬಂದಾಗಲೆಲ್ಲ ದೊಡ್ಡ ಸಾಹೇಬರು ಕೋಣೆಯ ಸುತ್ತ ಕಣ್ಣಾಡಿಸುತ್ತಿದ್ದರು. ಬೇಕಾದವರನ್ನು ಕಳಿಸಿದರೆ ಕೆಲಸ ನಿಲ್ಲುತ್ತದಲ್ಲ! ಹಾಗಾಗಿ ಪ್ರತಿ ಸಲವೂ ಹೊರಡುತ್ತಿದ್ದವನು ಅಣ್ಣನೇ. ಕಚೇರಿಯವರು ಅವನಿಗೆ ‘ಟ್ರೇನಿಂಗ್ ಸಾಹೇಬ್ರು’ ಎಂದು ಹೆಸರಿಟ್ಟರು.

ಅವರಿಗದು ತಮಾಷೆ. ಇವನೋ, ಹುಚ್ಚಪ್ಪ, ನಿಜವಾಗಿಯೂ ಕಲಿತುಬಿಟ್ಟ. ಮೇಲಿನ ಬೀದಿಗೆ ನೀರು ಯಾಕೆ ಏರುವುದಿಲ್ಲ, ನಲ್ಲಿ ಎಲ್ಲಿ ಹಾಕಬೇಕೆಂದು ಹೆಂಗಸರನ್ನೇ ಯಾಕೆ ಕೇಳಬೇಕು, ಎಲ್ಲವನ್ನೂ ತಲೆಯಲ್ಲಿ ತುಂಬಿಕೊಂಡು ಬರುತ್ತಿದ್ದ. ಅಡುಗೆಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಊರಿನ ಕೊಳವೆಗಳನ್ನು ಬರೆದು ಅತ್ತಿಗೆಗೆ ಪಾಠ ಮಾಡುತ್ತಿದ್ದ. ಅವರು ಗೆರೆ ತುಳಿಯದ ಹಾಗೆ ಸುತ್ತುಹಾಕಿ ಒಲೆಗೆ ಹೋಗುತ್ತಿದ್ದರು. ಕೊಳವೆ ಎಲ್ಲಿ ಹಾಕಬೇಕೆಂದು ತೀರ್ಮಾನಿಸುವ ಯೋಜನೆಯ ಮೇಜಿನಲ್ಲಿ ಕೂತು ಕಲಿತದ್ದನ್ನು ಒಮ್ಮೆ ಮಾಡಿ ನೋಡಬೇಕು, ಇಷ್ಟೇ ಅವನ ಆಸೆ. ಆ ಮೇಜಿನಲ್ಲಿ ಸಾಹೇಬರ ಷಡ್ಡಕ ತೂಕಡಿಸುತ್ತಿದ್ದ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ. ಅಣ್ಣ ಕೇಳಿದಾಗಲೆಲ್ಲ ಸಾಹೇಬರು, "ನೋಡೋಣ ಬಿಡಪ್ಪಾ" ಅನ್ನುವರು.

ಅವನ ಕೂದಲು ನೆರೆಯುವ ಹೊತ್ತಿಗೆ, ತರಬೇತಿಯಿಂದ ಏನು ಪ್ರಯೋಜನವಾಯಿತೆಂದು ತಿಳಿಯಲು ಆ ದೇಶ ಇಬ್ಬರು ಸಂಶೋಧಕರನ್ನು ಕಳಿಸಿತು. ಹಿಂದಿನ ಸಂಜೆ ಸಾಹೇಬರು ಅಣ್ಣನನ್ನು ಕರೆದು, "ನಾಳೆ ನೀನು ಯೋಜನೆ ಟೇಬಲ್‌ನಲ್ಲಿ ಕೂತ್ಕೋ" ಅಂದರು. ಮುಂದೇನೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಓಡೋಡಿ ಮನೆಗೆ ಬಂದ. ಅತ್ತಿಗೆ ಅವನ ಒಳ್ಳೆಯ ಅಂಗಿಗೆ ಎರಡೆರಡು ಸಲ ಇಸ್ತ್ರಿ ಹಾಕಿದರು.

ಮರುದಿನ ಅವನು ನಕ್ಷೆ ಹರಡಿಕೊಂಡು ಮಾತಾಡಿದ್ದೇ ಮಾತಾಡಿದ್ದು. ಬಂದವರು ಊಟದ ಹೊತ್ತು ಮೀರಿದರೂ ಏಳಲಿಲ್ಲವಂತೆ. ಹೋಗುವಾಗ ಅವನ ಕೈ ಕುಲುಕಿ, ಸಾಹೇಬರೆದುರಿಗೇ ಹೊಗಳಿದರಂತೆ. ಅದರ ಮಾರನೆಯ ಬೆಳಿಗ್ಗೆ ಅಣ್ಣ ಎಲ್ಲರಿಗಿಂತ ಮೊದಲೇ ಹೋಗಿ ಅದೇ ಕುರ್ಚಿಯಲ್ಲಿ ಕೂತ. ಷಡ್ಡಕ ಬಂದು ಎದುರಿಗೆ ನಿಂತ.

"ಏಳಿ ಟ್ರೇನಿಂಗ್ ಸಾಹೇಬ್ರೇ, ನಾಟಕ ಮುಗೀತು."

ಕೋಣೆಯವರೆಲ್ಲ ನಕ್ಕರಂತೆ. ಅಣ್ಣ ಎದ್ದು ತನ್ನ ಜಾಗಕ್ಕೆ ಹೋಗಿ, ರಾಶಿಬಿದ್ದ ಪತ್ರಗಳನ್ನು ಒಂದೊಂದಾಗಿ ಅಂಟಿಸಿದನಂತೆ. ಇದನ್ನು ನಮಗೆ ಹೇಳಿದ್ದು ಜವಾನ. ಆ ಸಾಹೇಬರನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ.

ಸಂಶೋಧಕರ ವರದಿಯಲ್ಲಿ ನಮ್ಮ ಊರಿನ ತರಬೇತಿ ಬಹಳ ಯಶಸ್ವಿ ಎಂದು ಬಂತು. ಇನ್ನೊಂದು ತರಬೇತಿಗೆ ಹಣವೂ ಬಂತು. "ನೀನೇ ಹೋಗಪ್ಪಾ" ಎಂದು ಸಾಹೇಬರು ಅಂದರೆ ಅಣ್ಣ ಮೊದಲ ಬಾರಿಗೆ ಆಗುವುದಿಲ್ಲ ಅಂದ. ಅತ್ತಿಗೆ ಹೇಳಿಕಳಿಸಿದ್ದರಿಂದ ನಾನು ಬುದ್ಧಿ ಹೇಳಲು ಹೋದೆ.

"ಹೋಗಿ ಬಾ ಅಣ್ಣಾ. ಅಲ್ಲಾದ್ರೂ ನಿನ್ನ ಮಾತು ಕೇಳೋರಿದಾರೆ."

ಅವನು ಬೆರಳಿಗೆ ಹತ್ತಿದ್ದ ಅಂಟನ್ನು ಉಜ್ಜಿ ತೆಗೆದ.

"ಕಲಿತಿದ್ದನ್ನ ಮರೆಯೋಕೆ ಎಲ್ಲಾದ್ರೂ ಕಳಿಸ್ತಾರಾ ಕೇಳು ಕಣೇ, ಹೋಗ್ತೀನಿ."

ಬುದ್ಧಿ ಹೇಳಲು ಹೋದವಳು ಅಲ್ಲೇ ಕೂತು ಅತ್ತುಬಿಟ್ಟೆ.