ಆಸ್ರಿಗೆ ಕೊಟ್ಟ ತಂಬಿಗೆ

ಕಳೆದ ವಾರ ಶಿರಸಿಯ ನಮ್ಮ ಓಣಿಯ ವಾಚನಾಲಯಕ್ಕೆ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಬಂದಿದ್ದರು. ಸ್ವಾತಂತ್ರ್ಯ ಚಳವಳಿ, ಸಂವಿಧಾನ ರಚನೆ ಎಂದೆಲ್ಲ ಬರೆದ ಚಾರ್ಟುಗಳನ್ನು ಗೋಡೆಗೆ ಹಚ್ಚುತ್ತಿದ್ದರು. ಡಬ್ಬಿಯೊಂದರಲ್ಲಿ ಕುದಿಸಿದ ಮೈದಾ ಅಂಟು. ಆ ಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಅವಳು ನೆನಪಾದಳು. ಹೊಟ್ಟೆಯೊಳಗಿನ ಹಳೆಯ ಉರಿಯೂ ಜೊತೆಗೇ ಎದ್ದಿತು.

ಅವಳು ಎಂ.ಎ.ಯಲ್ಲಿ ನನ್ನ ಸಹಪಾಠಿ. ಹಾವೇರಿ ಕಡೆಯ ಹುಡುಗಿ. ಧಾರವಾಡದಲ್ಲಿ ಇಬ್ಬರೂ ಇತಿಹಾಸ ಓದುತ್ತಿದ್ದೆವು, ಹಾಸ್ಟೆಲ್ಲಿನಲ್ಲಿ ಒಂದೇ ಕೋಣೆ. ಹತ್ತಿರಹತ್ತಿರ ಮೂವತ್ತು ವರ್ಷವಾಯಿತು... ನಮ್ಮ ಮೇಷ್ಟ್ರು ಐದು ಜನರ ತಂಡ ಮಾಡಿ ಸಿದ್ದಾಪುರದ ಹಳ್ಳಿಗಳಿಗೆ ಕಳಿಸಿದರು. ದೇಶ ಕಟ್ಟಿದ ಕಥೆಯನ್ನು ಜನರಿಗೆ ಹೇಳಬೇಕು, ಅವರ ಕಥೆಯನ್ನು ಕೇಳಿ ಬರೆದು ತರಬೇಕು. ಒಳ್ಳೆಯ ವರದಿಯನ್ನು ಎಲ್ಲರೆದುರು ಓದಿಸುತ್ತೇನೆ ಎಂದಿದ್ದರು. ಅದು ನನ್ನದೇ ಎಂದು ನಾನು ಹೊರಡುವ ಮೊದಲೇ ತೀರ್ಮಾನಿಸಿದ್ದೆ. ಊರು ನನ್ನದು, ಭಾಷೆ ನನ್ನದು, ಉಳಿದುಕೊಳ್ಳುವುದು ನನ್ನ ಅಮ್ಮಮ್ಮನ ಮನೆಯಲ್ಲಿ. ಅಮ್ಮಮ್ಮ ಎಂದರೆ ನನ್ನ ತಾಯಿಯ ತಾಯಿ.

ಶಾಲೆಯ ಜಗಲಿಯಲ್ಲಿ ಚಾರ್ಟು ಹಚ್ಚಿ ನಾನು ಮುಕ್ಕಾಲು ಗಂಟೆ ಭಾಷಣ ಬಿಗಿದೆ. ಹೆಂಗಸರು ಸೆರಗು ಅಡ್ಡ ಹಿಡಿದು ಆಕಳಿಸಿದರು. ಈ ಊರಿನಲ್ಲಿ ಸ್ವಾತಂತ್ರ್ಯ ಹೋರಾಟಗಾರರು ಯಾರಿದ್ದರು ಎಂದು ಕೇಳಿದೆ. ಯಾರೂ ಇಲ್ಲ ಎಂದರು. ಹೋರಾಟಗಾರ ಎಂದರೆ ಜೈಲಿಗೆ ಹೋದವನು, ಪಿಂಚಣಿ ಪಡೆದವನು ಎಂದೇ ಅವರ ಲೆಕ್ಕ. ಆಗ ಹಿಂದೆ ಕೂತಿದ್ದ ಅವಳು ಮೆಲ್ಲಗೆ ಕೇಳಿದಳು:

“ಜಪ್ತಿ ಬಂದಾಗ ನಿಮ್ಮ ಮನ್ಯಾಗಿಂದ ಏನೇನು ಒಯ್ದ್ರು, ಹೇಳ್ರಿ?”

ಅಷ್ಟೇ. ಕರ ಕೊಡುವುದಿಲ್ಲ ಎಂದು ಹಟ ಹಿಡಿದ ಕಾಲದಲ್ಲಿ ಬ್ರಿಟಿಷ್ ಸರ್ಕಾರ ಮನೆಮನೆ ಹೊಕ್ಕು ಸಾಮಾನು ಎತ್ತಿಕೊಂಡು ಹೋಗುತ್ತಿದ್ದುದಕ್ಕೆ ಊರವರು ಇಟ್ಟುಕೊಂಡ ಹೆಸರು ಜಪ್ತಿ. ಒಬ್ಬಾಕೆ ಹಂಡೆ ಎಂದಳು, ಇನ್ನೊಬ್ಬಾಕೆ ಕರೆಯುವ ಎಮ್ಮೆ ಎಂದಳು, ತೊಟ್ಟಿಲನ್ನೂ ಬಿಡಲಿಲ್ಲ ಎಂದು ಮತ್ತೊಬ್ಬಾಕೆ. ಮಾತು ನಿಲ್ಲಲೇ ಇಲ್ಲ. ಬಸ್ಸಿನಲ್ಲಿ ನಾನು ತೂಕಡಿಸುತ್ತಿದ್ದಾಗ ಅವಳು ಪಕ್ಕದ ಮುದುಕನನ್ನು ಮಾತಾಡಿಸಿ ಆ ಶಬ್ದ ಹೆಕ್ಕಿಕೊಂಡಿದ್ದಳಂತೆ. ನನ್ನ ಊರಿನ ಶಬ್ದ ಅವಳ ಬಾಯಲ್ಲಿ! ನನಗೆ ಮೈಯೆಲ್ಲ ಉರಿಯಿತು.

ಮಾರನೆಯ ಮಧ್ಯಾಹ್ನ ಅಮ್ಮಮ್ಮ ಅಡುಗೆಮನೆಯಲ್ಲಿ ಅವಳ ಜೊತೆ ಮಾತಾಡುತ್ತಿದ್ದುದು ಕೇಳಿಸಿತು. ಬಾಗಿಲ ಹಿಂದೆ ನಿಂತೆ. ಜಪ್ತಿಯ ಕಾಲಕ್ಕೆ ಅಮ್ಮಮ್ಮನಿಗೆ ಎಂಟು ವರ್ಷ. ಕೇರಿಯ ನಾಲ್ಕು ಮನೆಯವರು ತಮ್ಮ ಹಿತ್ತಾಳೆ, ತಾಮ್ರವನ್ನೆಲ್ಲ ಇವರ ಕೊಟ್ಟಿಗೆಯ ಹುಲ್ಲಟ್ಟದಲ್ಲಿ ಬಚ್ಚಿಟ್ಟಿದ್ದರು. ಜಪ್ತಿಯವರು ಬಂದಾಗ ಮನೆಯಲ್ಲಿ ಬರೀ ಮಣ್ಣಿನ ಗಡಿಗೆ. ಅವರು ವಾಪಸು ಹೊರಟಿದ್ದರು. ಆದರೆ ನಮ್ಮಲ್ಲಿ ಯಾರೇ ಬರಲಿ, ಮೊದಲು ಆಸ್ರಿಗೆ, ಅಂದರೆ ಬಾಯಾರಿಕೆಗೆ, ಕೊಡಬೇಕು. ನೀರು, ಬೆಲ್ಲ ಕೊಟ್ಟ ಮೇಲೆಯೇ ಬಂದ ಕೆಲಸ ಕೇಳುವುದು. ಬಿಸಿಲಲ್ಲಿ ಬಂದವರು ಬಾಯಾರಿ ಹೋಗುತ್ತಿದ್ದಾರಲ್ಲ ಎಂದು ಈ ಪುಟ್ಟ ಹುಡುಗಿ ಹುಲ್ಲಟ್ಟಕ್ಕೆ ಹತ್ತಿ, ಫಳಫಳ ಹೊಳೆಯುವ ಹಿತ್ತಾಳೆ ತಂಬಿಗೆ ಇಳಿಸಿ, ನೀರು ತುಂಬಿ ತಂದುಕೊಟ್ಟಳು. ಅವರು ನೀರು ಕುಡಿದರು. ಆಮೇಲೆ ಅಟ್ಟ ಹತ್ತಿದರು. ನಾಲ್ಕೂ ಮನೆಯ ಪಾತ್ರೆ ಗಾಡಿಗೆ ಏರಿತು.

ಅಮ್ಮಮ್ಮನ ಮನೆಯಲ್ಲಿ ಹಿತ್ತಾಳೆಯ ಒಂದು ಲೋಟವೂ ಇರಲಿಲ್ಲ. ತಿಕ್ಕಲು ಸೋಮಾರಿತನ ಎಂದು ನಾನು ಚಿಕ್ಕಂದಿನಿಂದ ಚೇಷ್ಟೆ ಮಾಡುತ್ತಿದ್ದೆ. ನಗುತ್ತಿದ್ದಳೇ ಹೊರತು ಒಮ್ಮೆಯೂ ಕಾರಣ ಹೇಳಿರಲಿಲ್ಲ. ಎರಡು ದಿನದ ಹಿಂದೆ ಬಂದ, ನಮ್ಮ ಮಾತಿನಲ್ಲಿ ‘ಇಲ್ಲೆ’ ಎಂದರೆ ‘ಇಲ್ಲ’ ಎಂದೂ ಅರ್ಥವಾಗದ ಹುಡುಗಿಗೆ ಹೇಳಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಕಥೆ ಮುಗಿಯುವ ಮೊದಲೇ ಕಾಲು ಕಿತ್ತೆ.

ಧಾರವಾಡಕ್ಕೆ ಬಂದು ಅದೇ ಕಥೆಯನ್ನು, ನನಗೇ ಹೇಳಿದಳೆಂಬಂತೆ, ಚೆಂದ ಮಾಡಿ ಬರೆದೆ. ಮೇಷ್ಟ್ರು ನನ್ನಿಂದಲೇ ಓದಿಸಿದರು. ಚಪ್ಪಾಳೆ ಬಿತ್ತು. ಅವಳ ವರದಿಯಲ್ಲಿ ತಂಬಿಗೆಯ ಸುದ್ದಿಯೇ ಇರಲಿಲ್ಲ. ಗೆದ್ದೆ ಅಂದುಕೊಂಡೆ. ಕೋಣೆಗೆ ಬಂದ ಮೇಲೆ ಅವಳು ಹೇಳಿದ್ದು ಒಂದೇ ಮಾತು:

“ಅದನ್ನ ಬರೀಬ್ಯಾಡ ಅಂತ ಅಜ್ಜಿ ಕೈ ಹಿಡಕೊಂಡು ಹೇಳಿದ್ರು. ನೀ ಕೇಳಲಿಲ್ಲೇನು?”

ನಾನು ಕೇಳಿರಲಿಲ್ಲ. ಅಷ್ಟು ಹೊತ್ತು ಬಾಗಿಲ ಹಿಂದೆ ನಿಂತಿರಲಿಲ್ಲವಲ್ಲ...

ವರದಿಗಳು ಪುಸ್ತಿಕೆಯಾಗಿ ಅಚ್ಚಾದವು. ಬರೆದವರು ಯಾರೆಂದು ಬೇರೆಬೇರೆಯಾಗಿ ಹಾಕದೆ ಕೊನೆಯಲ್ಲಿ ಐವರ ಹೆಸರನ್ನೂ ಕೊಟ್ಟಿದ್ದರು. ಮೇಷ್ಟ್ರು ಪ್ರೀತಿಯಿಂದ ಅಮ್ಮಮ್ಮನ ಊರಿನ ಶಾಲೆಗೊಂದು ಪ್ರತಿ ಕಳಿಸಿದರು. ಪಾತ್ರೆ ಸಿಕ್ಕಿಬಿದ್ದದ್ದು ಹೇಗೆಂದು ಅರವತ್ತು ವರ್ಷದಿಂದ ಗೊತ್ತಿಲ್ಲದ ಕೇರಿಗೆ ಗೊತ್ತಾಯಿತು. ದಿನಾ ಮಧ್ಯಾಹ್ನ ಅಮ್ಮಮ್ಮನ ಜೊತೆ ಹೂಬತ್ತಿ ಹೊಸೆಯಲು ಬರುತ್ತಿದ್ದ ಪಕ್ಕದ ಮನೆಯ ಮುದುಕಿ ಬರುವುದನ್ನು ನಿಲ್ಲಿಸಿದಳು. ತನ್ನ ತಾಯಿಯ ತವರಿನ ಕೊಡವೂ ಆ ಗಾಡಿಯಲ್ಲಿ ಹೋಗಿತ್ತಂತೆ.

ರಜೆಗೆ ಹೋದಾಗ ಅಮ್ಮಮ್ಮ ಒಬ್ಬಳೇ ಬತ್ತಿ ಹೊಸೆಯುತ್ತಿದ್ದಳು. ಆ ಹುಡುಗಿಯೇ ಬರೆದದ್ದೆಂದು ನಂಬಿದ್ದಳು. ನಾನು ಬಾಯಿ ತೆರೆಯಬೇಕೆನ್ನುವಷ್ಟರಲ್ಲಿ ಅಮ್ಮಮ್ಮನೇ ಹೇಳಿದಳು:

“ಆ ಕೂಸಿಗೆ ಎಂತೂ ಹೇಳಡ. ಸಣ್ಣದು, ಗೊತ್ತಾಜಿಲ್ಲೆ. ಆನೂ ಸಣ್ಣಕಿದ್ದಾಗ ತಪ್ಪು ಮಾಡಿದ್ದಿ.”

ಸಣ್ಣವಳಿದ್ದಾಗ ತಾನೂ ತಪ್ಪು ಮಾಡಿದವಳೇ, ಆ ಹುಡುಗಿಗೆ ಏನೂ ಅನ್ನಬೇಡ ಎಂದು. ನಾನು ಪಕ್ಕದಲ್ಲಿ ಕೂತು ಹತ್ತಿ ಬಿಡಿಸತೊಡಗಿದೆ. ನನ್ನ ಕಡೆ ನೋಡಿ ಅಮ್ಮಮ್ಮ ಇನ್ನೊಮ್ಮೆ ಆ ಕೂಸನ್ನು ಕರೆದುಕೊಂಡು ಬಾ ಎಂದಳು. ನಾನು ಕರೆದುಕೊಂಡು ಹೋಗಲಿಲ್ಲ. ಓದು ಮುಗಿದ ಮೇಲೆ, ಅಜ್ಜಿಯನ್ನು ನೋಡಲು ಬರುತ್ತೇನೆಂದು ಅವಳು ಎರಡು ಸಲ ಕಾಗದ ಬರೆದಳು, ಉತ್ತರಿಸಲಿಲ್ಲ. ಎದುರುಬದುರಾದರೆ ನನ್ನ ಗುಟ್ಟು ರಟ್ಟಾಗುತ್ತಿತ್ತು. ಅಮ್ಮಮ್ಮ ಕಾಯಿಲೆ ಬಿದ್ದಾಗಲೂ ಆ ಕೂಸು ಬಂತಾ ಎಂದು ಕೇಳಿದ್ದಳು.

ಅಮ್ಮಮ್ಮ ಹೋಗಿ ಇಪ್ಪತ್ತು ವರ್ಷವಾಯಿತು. ಹೋದ ವರ್ಷ ಅವಳೂ ತೀರಿಕೊಂಡಳೆಂದು ಹಳೆಯ ಸಹಪಾಠಿಗಳ ವಾಟ್ಸಾಪ್ ಗುಂಪಿನಲ್ಲಿ ಸುದ್ದಿ ಬಂತು. ನಾನೂ ಎಲ್ಲರಂತೆ ಕೈಮುಗಿದ ಚಿತ್ರ ಹಾಕಿದೆ. ಈಗ ಒಪ್ಪಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇಲ್ಲ. ತಪ್ಪು ಮಾಡಿದವಳು ನಾನು, ಅಮ್ಮಮ್ಮ ಕ್ಷಮಿಸಿದ್ದು ಅವಳನ್ನು. ಹೇಳಲು ನಾಚಿಕೆಯಾಗುತ್ತದೆ, ಅದಕ್ಕೂ ನನಗೆ ಈಗಲೂ ಹೊಟ್ಟೆಕಿಚ್ಚು.