ಬಾಗಿಲು ಅಡ್ಡಗಟ್ಟಿದ ಅತ್ತೆ

ನಿನ್ನೆ ಚಳಿಗಾಲದ ಕೋಟನ್ನು ಹೊರತೆಗೆದು ಜೇಬಿಗೆ ಕೈ ಹಾಕಿದರೆ ಅಗಸಿ ಹಿಂಡಿ, ಅದೇ ನಮ್ಮ ಅಗಸೆ ಚಟ್ನಿಪುಡಿ, ಬೆರಳಿಗೆ ಹತ್ತಿತು. ಇಡೀ ಐರ್ಲೆಂಡಿನಲ್ಲಿ ಕೋಟಿನಿಂದ ಬೆಳ್ಳುಳ್ಳಿ ಘಮ್ಮೆನ್ನುವ ಹೆಂಗಸು ನಾನೊಬ್ಬಳೇ ಇರಬೇಕು. ಇದು ಹೋದ ವರ್ಷ ಮಸಗುಪ್ಪಿಯಿಂದ ಬಂದು ನಮ್ಮಲ್ಲಿ ಉಳಿದಿದ್ದ ಅತ್ತೆಯ ಕೆಲಸ. ಹೊರಗಿನ ಊಟ ಸಪ್ಪೆ ಎಂದು, ಹೊಸ್ತಿಲು ದಾಟುವಾಗಲೆಲ್ಲ ಒಂದು ಪೊಟ್ಟಣ ನನ್ನ ಜೇಬಿಗೆ ತುರುಕುತ್ತಿದ್ದರು.

ಅತ್ತೆ ಬರುವ ಹೊತ್ತಿಗೆ ನಾನು ಬರವಣಿಗೆಗೆ ಕೈಮುಗಿದಾಗಿತ್ತು. ನೋಡಿ, ನಾನು ಹುಕ್ಕೇರಿಯವಳು. ಗೋಕಾಕದಲ್ಲಿ ನರ್ಸ್ ಆಗಿದ್ದಾಗ ಮೂಡಲಗಿ ಬಸ್ಸಿನಲ್ಲಿ ಯಾರದೋ ಬುಟ್ಟಿಗೆ ಒರಗಿ ನಿಂತು ಕಥೆ ಬರೆದವಳು. ಇಲ್ಲಿಗೆ ಬಂದ ಮೇಲೆ ಕಿಟಕಿ ಬಂತು, ಮೇಜು ಬಂತು, ಬೆನ್ನಿಗೆ ಹಿತವಾದ ಕುರ್ಚಿಯೂ ಬಂತು. ಕಥೆ ಮಾತ್ರ ಬರಲಿಲ್ಲ. ಇಲ್ಲಿ ಬರೆಯುವಂಥದ್ದು ಏನೂ ನಡೆಯುವುದೇ ಇಲ್ಲ ಎಂದು ಗೊಣಗಿ ಆ ಮೇಜನ್ನು ಇಸ್ತ್ರಿಗೆ ಬಿಟ್ಟುಕೊಟ್ಟೆ. ನಗುತ್ತಲೇ ಕೊಟ್ಟೆ, ಆದರೆ ಗಂಡನ ಅಂಗಿ ಅದರ ಮೇಲೆ ಹರಡಿದ್ದು ಕಂಡಾಗಲೆಲ್ಲ ಮುಖ ತಿರುಗಿಸಿಕೊಂಡು ಹೋಗುತ್ತಿದ್ದೆ.

ಹೀಗಿರುವಾಗ ಅತ್ತೆಯನ್ನು ಕಣ್ಣು ತೋರಿಸಲು ಆಸ್ಪತ್ರೆಗೆ ಕರೆದೊಯ್ದೆ. ಕೌಂಟರಿನ ಹುಡುಗಿ ಗಂಡನ ಹೆಸರು ಕೇಳಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ, ‘ಹಸ್ಬೆಂಡ್’ ಎಂಬುದೊಂದು ತಿಳಿದಿದ್ದ ಅತ್ತೆ ನನ್ನ ಕೈ ಹಿಂಡಿದರು.

“ನನ್ನ ಕೇಳ್ಯಾಳ. ನಾನ ಹೇಳತೇನಿ.”

ಎದ್ದು ನಿಂತರು, ತಲೆ ಮೇಲೆ ಸೆರಗು ಎಳೆದುಕೊಂಡರು, ಗಂಟಲು ಸರಿಮಾಡಿಕೊಂಡರು.

“ಈ ಊರ ಮಳಿಗೆ ಇಲ್ಲ ಹೊತ್ತು ಗೊತ್ತು,
ಸಿದ್ದಪ್ಪನವರು ಮನ್ಯಾಗ ಅದಾರ ತಾವ ಚಾ ಕಾಸಿಕೊಂಡು ಕುಂತು!”

ನಮ್ಮ ಕಡೆ ಗಂಡನ ಹೆಸರನ್ನು ಸೀದಾ ಹೇಳುವವರಿಲ್ಲ. ಒಡಪಿನಲ್ಲಿ, ಪ್ರಾಸದ ಎರಡು ಸಾಲಿನಲ್ಲಿ, ಕಟ್ಟಿ ಹೇಳಬೇಕು. ಮದುವೆ ಮನೆಯಲ್ಲಿ ಹೆಣ್ಣುಮಕ್ಕಳು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ, ಒಡಪು ಹೇಳುವ ತನಕ ಹೊಸ ಮದುಮಗಳನ್ನು ಒಳಗೆ ಬಿಡುವುದಿಲ್ಲ. ಇದೆಲ್ಲ ಆ ಹುಡುಗಿಗೆ ಹೇಗೆ ಗೊತ್ತಿರಬೇಕು?

“ಇಷ್ಟುದ್ದ ಹೆಸರು ಕಂಪ್ಯೂಟರಿನಲ್ಲಿ ಹಿಡಿಸುವುದಿಲ್ಲ” ಎಂದಳು ಪಾಪ.

ನಾಚಿಕೆಯಿಂದ ಕುಗ್ಗಿಹೋದ ನಾನು ಅರ್ಥ ಬಿಡಿಸಿ ಹೇಳಿದೆ. ಮಳೆಯ ಮಾತಿಗೆ ಸಾಲಿಗೆ ಸಾಲೇ ನಕ್ಕಿತು. ಹಿಂದೆ ನಿಂತಿದ್ದ ಅಜ್ಜಿಯೊಬ್ಬಳಂತೂ ತನ್ನ ಗಂಡ ಟಾಮ್‌ಗೂ ಒಂದು ಬೇಕು ಎಂದು ಹಟ ಹಿಡಿದಳು.

“ಏನಂತಾಳ?” ಅತ್ತೆ ಕೇಳಿದರು. ಹೇಳಿದೆ.

“ಹಂಗಾದ್ರ ನೀ ಹೇಳು. ಬರಿಯಾಕಿ ನೀನಲ್ಲಾ?”

“ನನಗ ಈಗ ಏನೂ ಹೊಳಿಯಾಂಗಿಲ್ರಿ, ಅತ್ತಿ.”

ಅಷ್ಟರಲ್ಲಿ ಒಳಗಿನಿಂದ ಅತ್ತೆಯ ಹೆಸರು ಕೂಗಿದರು. ಅತ್ತೆ ಹೋದರು, ಆದರೆ ಒಳಗಲ್ಲ. ಡಾಕ್ಟರ ಕೋಣೆಯ ಬಾಗಿಲಿಗೆ ಎರಡೂ ಕೈ ಅಡ್ಡ ಕೊಟ್ಟು ನಿಂತರು.

“ಹೇಳೂತನಾ ಯಾರನ್ನೂ ಬಿಡೂದಿಲ್ಲ!”

ಅವರ ಕಂಕುಳಡಿಯಿಂದ ಡಾಕ್ಟರು ಇಣುಕುತ್ತಿದ್ದರು. ಎಲ್ಲಿತ್ತೋ ಏನೋ, ನನ್ನ ಬಾಯಿಗೆ ಬಂತು:

“ಓಡೋ ಕುದುರಿಗೆ ಹಾಕಬೇಕು ಲಗಾಮ,
ಟಿ.ವಿ. ಮುಂದಿಂದ ಏಳಂದ್ರ ಏಳಾಂಗಿಲ್ಲ ನಮ್ಮ ಟಾಮ!”

ಅರ್ಥ ಕೇಳಿ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ನಕ್ಕಳು. “ಅವನೇ! ಥೇಟ್ ಅವನೇ!” ಅತ್ತೆ ಮಾತ್ರ ಕೈ ಇಳಿಸಿ, “ಟಾಮ ಏನೋ ಸಿಕ್ಕ. ನಡುವ ಕುದುರಿ ಯಾಕ ಬಂತು?” ಎಂದು ವಿಮರ್ಶೆ ಮಾಡಿ ಒಳಗೆ ನಡೆದರು.

ಮನೆಗೆ ಬಂದವಳೇ ಮೇಜಿನ ಮೇಲಿನ ಅಂಗಿಗಳನ್ನು ಮಂಚಕ್ಕೆ ಎಸೆದೆ. ನನಗೆ ಬೇಕಾಗಿದ್ದದ್ದು ಕಿಟಕಿಯಲ್ಲ, ಏಕಾಂತವಂತೂ ಅಲ್ಲವೇ ಅಲ್ಲ. ಹೇಳು ಎಂದು ಪೀಡಿಸುವ ಒಂದು ಜೀವ ಬೇಕಾಗಿತ್ತು. ಅಂದು ಬಹಳ ಖುಷಿಯಾಗಿತ್ತು, ಸ್ವಲ್ಪ ಅಳುವೂ ಬಂದಿತ್ತು.

ಅತ್ತೆ ಈಗ ಮಸಗುಪ್ಪಿಗೆ ಮರಳಿದ್ದಾರೆ. ಪ್ರತಿ ರವಿವಾರ ವಿಡಿಯೋ ಕಾಲಿನಲ್ಲಿ ಬರೆದದ್ದನ್ನು ಓದಿ ಹೇಳಬೇಕೆಂಬುದು ಅವರ ಅಪ್ಪಣೆ. ಇವತ್ತು ಏನೂ ಬರೆದಿರಲಿಲ್ಲ. ಡ್ಯೂಟಿ, ತಲೆನೋವು ಎಂದು ನೆಪ ಹೇಳತೊಡಗಿದೆ.

“ಬರಿ. ನಾ ಇಲ್ಲೇ ಅದೇನಿ” ಎಂದವರೇ ಫೋನನ್ನು ನೆಲದ ಮೇಲಿಟ್ಟು ರೊಟ್ಟಿಗೆ ಕೂತರು. ನನಗೆ ಕಾಣುತ್ತಿದ್ದದ್ದು ಅಡುಗೆಮನೆಯ ಸೂರಿನ ಜಂತಿ, ಕೇಳುತ್ತಿದ್ದದ್ದು ರೊಟ್ಟಿ ಬಡಿಯುವ ಸದ್ದು. ಆ ಜಂತಿ ನೋಡುತ್ತ ಇಷ್ಟನ್ನೂ ಬರೆದೆ. ಆಮೇಲೆ ಗಂಟಲು ಸರಿಮಾಡಿಕೊಂಡು, ಮೊದಲ ಸಾಲಿನಿಂದ ಓದತೊಡಗಿದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು.