ಸರೇಸು ಆರುವ ಮೊದಲು

ಪುಣೆಯ ಕ್ಯಾಂಪಿನಲ್ಲಿ ನಾವು ಮೂವರು ಧಾರವಾಡ ಕಡೆಯ ಬಡಗಿಗಳಿದ್ದೆವು: ಒಬ್ಬ ಕ್ರೈಸ್ತ, ಒಬ್ಬ ಮುಸಲ್ಮಾನ, ಮತ್ತು ನಾನು. ಮೂರನೇ ಇಯತ್ತೆಗೆ ಶಾಲೆ ಬಿಟ್ಟವನಾದರೂ ನಾನು ಮಾಡಿದ ಮೇಜು ಎಂದೂ ಅಲುಗಾಡಿರಲಿಲ್ಲ. ಒಂದು ದಿನ ಸಂಜೆಯೊಳಗೆ ದಂಡಿನ ಸಾಹೇಬರೊಬ್ಬರಿಗೆ ಮೇಜು ಮುಟ್ಟಿಸಬೇಕಿತ್ತು. ಕಾಲುಗಳಿಗೆ ಮರ ಅಂಟಿಸುವ ಬಿಸಿ ಸರೇಸು ಹಚ್ಚಿದ್ದೆ. ಅದು ಆರುವ ಮೊದಲು ಮೂವರೂ ಕಾಲುಗಳನ್ನು ನೆಟ್ಟಗೆ ಒತ್ತಿ ಹಿಡಿಯಬೇಕು.

“ನಮ್ಮ ದೇವರು ಮನುಷ್ಯಾ ಆಗಿ ಬಡಿಗ್ಯಾರ ಮನಿಗೇ ಬಂದ್ನಪಾ,” ಎಂದ ಕ್ರೈಸ್ತ.

“ದೇವ್ರು ಹುಟ್ಟಾಂವಲ್ಲೋ. ‘ಆಗು’ ಅಂದ್ರ ಆಗ್ತದ, ಅವಂಗ ಉಳಿ ಯಾಕ?” ಎಂದ ಮುಸಲ್ಮಾನ.

“ಕೈ ಕೆಸರಾಗದಾಂವಗ ನಮ್ಮ ಕಷ್ಟ ಹ್ಯಾಂಗ ತಿಳಿಬೇಕು?”

“ನಮ್ಮನ್ನ ಮಾಡಿದಾಂವಗ ತಿಳಿಯಂಗಿಲ್ಲೇನು?”

ಇಬ್ಬರೂ ತೀರ್ಪಿಗೆ ನನ್ನತ್ತ ನೋಡಿದರು. ನಾನು ಗಂಭೀರವಾಗಿ ಯೋಚಿಸಿದೆ. ಅಷ್ಟರಲ್ಲಿ ಸರೇಸು ಆರಿ, ಒಂದು ಕಾಲು ಓರೆಯಾಗಿಯೇ ಅಂಟಿಕೊಂಡಿತು. “ಆಗು,” ಎಂದು ಹೇಳಿ ನೋಡಿದೆ. ನಾನು ಹೇಳಿದರೆ ಆಗುವುದಿಲ್ಲ ಎಂದು ಖಾತ್ರಿಯಾಯಿತು. ಉಳಿ ಕೈಗೆ ತೆಗೆದುಕೊಂಡೆ.